ಬಿರುದೂ ಪಟ್ಟವೂ

ಮಕ್ಕಳಿಲ್ಲದ ಮನೆಯಲ್ಲಿ ಮುಂದೆ ದೀಪ ಹಚ್ಚುವವರಾರೆಂಬ ಚಿಂತೆಯು ನಮ್ಮ ಹಿರಿಯರಿಗೆ ಹೊಸದಲ್ಲ. ಬಡವನ ಮನೆಯಲ್ಲಿ ಈ ಚಿಂತೆಯು ನಾಲ್ಕು ಗೋಡೆಗಳೊಳಗೆ ಅಡಗಿರುವುದು. ಅರಸನ ಮನೆಯಲ್ಲಾದರೋ ಅದು ರಾಜ್ಯಕ್ಕೆಲ್ಲ ಚಿಂತೆಯಾಗುವುದು. ಇದಕ್ಕೆ ನಿದರ್ಶನವನ್ನು ಹುಡುಕಲು ಬಳ್ಳಾರಿಯ ಸೀಮೆಯವರಾದ ನಾವು ದೂರ ಹೋಗಬೇಕಾಗಿಲ್ಲ.

ಮೊದಲು ಬಿರುದಿನ ಮಾತು. ಕುರುಗೋಡು ಒಂದು ಕಾಲದಲ್ಲಿ ಬಲ್ಲಕುಂದೆ ನಾಡಿನ ಸಿಂದರ ರಾಜಧಾನಿಯಾಗಿದ್ದಿತು. ಇವರು ಕಲ್ಯಾಣದ ಚಾಲುಕ್ಯರ ಸಾಮಂತರು, ‘ಮಹಾಮಂಡಲೇಶ್ವರ’ರೆನಿಸಿದ್ದವರು. ಸಿಂದವಂಶದವರು ತಮ್ಮನ್ನು ನಾಗಕುಲದವರೆಂದು ಹೇಳಿಕೊಂಡು, ‘ಭೋಗಾವತೀಪುರವರಾಧೀಶ್ವರ’ ಎಂಬ ಬಿರುದನ್ನು ಶಾಸನಗಳಲ್ಲಿ ಕೆತ್ತಿಸಿದರು. ಪುರಗಳಲ್ಲಿ ಶ್ರೇಷ್ಠವಾದ ಭೋಗಾವತಿಗೆ ಒಡೆಯನೆಂದು ಇದರ ಅರ್ಥ. ಆದರೆ ಭೋಗಾವತಿಯೆಂಬುದು ಪುರಾಣಪ್ರಸಿದ್ಧವಾದ ಪಾತಾಳದ ನಾಗನಗರಿ! ಅಲ್ಲಿಂದ ಒಂದು ಕಾಸಿನ ಕಂದಾಯವೂ ಬರುವಂತಿರಲಿಲ್ಲ. ಹೀಗಿದ್ದರೂ ಬಿರುದು ವ್ಯರ್ಥವೆನ್ನಲಾಗದು. ಆಳುವವನ ಕುಲವು ಎಂತಹುದೆಂಬುದನ್ನು ಅದು ಪ್ರಜೆಗಳಿಗೆ ಸಾರುತ್ತಿದ್ದಿತು. ಬಿರುದು ಕುಲವನ್ನು ಹೇಳಿದರೆ, ಪಟ್ಟವು ಆ ಕುಲದಲ್ಲಿ ಯಾರು ಎಂಬುದನ್ನು ಹೇಳಬೇಕು. ತೊಡಕಿರುವುದು ಇಲ್ಲಿಯೇ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟಾಗ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳೆಲ್ಲವೂ ಕಂಪನಿಯ ಆಡಳಿತಕ್ಕೆ ಸೇರಿದುವು. ಬೆಟ್ಟಗಳ ನಡುವಣ ಸಂಡೂರು ಮಾತ್ರ ಘೋರ್ಪಡೆ ಮನೆತನದ ಕೈಯಲ್ಲಿ ಉಳಿಯಿತು. ಸುಮಾರು 160 ಚದರ ಮೈಲಿಗಳ ಈ ಪುಟ್ಟ ಸಂಸ್ಥಾನದ ದೊರೆಗೆ ‘ಹಿಂದೂರಾವ್’, ‘ಮಮಲಿಕತ್ ಮದಾರ್’, ‘ಸೇನಾಪತಿ’ ಎಂಬ ಬಿರುದುಗಳಿದ್ದುವು. ‘ಸೇನಾಪತಿ’ ಸಂಸ್ಕೃತದ್ದು, ‘ಮಮಲಿಕತ್ ಮದಾರ್’ ರಾಜ್ಯಕ್ಕೆ ಆಧಾರನೆಂಬ ಅರ್ಥದ ಪಾರಸಿ ದರಬಾರಿನ ಮಾತು. ‘ರಾಜಾ’ ಎಂಬುದು ವಂಶಪರಂಪರೆಯ ಬಿರುದಾಗಿ ಇಂಗ್ಲಿಷರಿಂದ ದೊರೆತುದು 1876ರಲ್ಲಿ.

ಇಷ್ಟು ಬಿರುದುಗಳಿದ್ದ ಮನೆಯಲ್ಲಿ ತಂದೆಯಿಂದ ಮಗನಿಗೆ ಪಟ್ಟವು ನೇರವಾಗಿ ಇಳಿದು ಬರುವುದೇ ದುರ್ಲಭವಾಯಿತು. ಸಿದ್ದೋಜಿರಾಯನು 1796ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಳ್ಳಲು, ಅವನ ವಿಧವೆಯು ಶಿವರಾಯನನ್ನು ದತ್ತು ತೆಗೆದುಕೊಂಡಳು. 1817ರಲ್ಲಿ ಪೇಶ್ವೆಯ ಕೋರಿಕೆಯಂತೆ ಮನ್ರೋ ಸಾಹೇಬನು ದಂಡೆತ್ತಿ ಬರಲು ಶಿವರಾಯನು ಸಂಸ್ಥಾನವನ್ನು ಒಪ್ಪಿಸಿಬಿಟ್ಟನು. ಮರುವರ್ಷ ಅದೇ ಮನ್ರೋನ ಶಿಫಾರಸಿನಿಂದ ಅದು ಮರಳಿ ಬಂದಿತು. 1826ರಲ್ಲಿ ಸನದೂ ದೊರೆಯಿತು. 1840ರಲ್ಲಿ ಶಿವರಾಯನು ತೀರಿಕೊಂಡಾಗ ಪಟ್ಟಕ್ಕೆ ಬಂದವನು ಅವನ ದಾಯಾದಿಯ ಮಗ ವೆಂಕಟರಾಯ. 1878ರಲ್ಲಿ ಶಿವಷಣ್ಮುಖರಾಯನ ಬಳಿಕ ಪಟ್ಟವು ತಮ್ಮನ ಪಾಲಾಯಿತು.

ಔರಸನೆಂದರೆ ಉರಸ್ಸಿನಿಂದ, ಎಂದರೆ ಎದೆಯಿಂದ, ಹುಟ್ಟಿದ ಮಗ. ದತ್ತಕನೆಂದರೆ ಕೊಡಲ್ಪಟ್ಟ ಮಗ. ನಮ್ಮ ಧರ್ಮಶಾಸ್ತ್ರಕಾರರು ದತ್ತಕನಿಗೂ ಪಿಂಡಪ್ರದಾನದ ಅಧಿಕಾರವನ್ನೂ ಸ್ವತ್ತಿನ ಹಕ್ಕನ್ನೂ ಕೊಟ್ಟರು. ಡಾಲ್‌ಹೌಸಿಯ ನೀತಿಯು ಇದನ್ನು ಒಡೆಯಿತು. ದತ್ತಕನು ಮನೆಯ ಸ್ವತ್ತಿಗೆ ಹಕ್ಕುದಾರನಾಗಬಹುದು, ಕಂಪನಿಯ ಅಪ್ಪಣೆಯಿಲ್ಲದೆ ರಾಜ್ಯಕ್ಕಲ್ಲ, ಎಂಬುದೇ ಆ ನೀತಿ. ಇದರಿಂದ 1848ರಲ್ಲಿ ಸಾತಾರವೂ, 1854ರೊಳಗಾಗಿ ಝಾನ್ಸಿ, ನಾಗಪುರಗಳೂ ಹೋದುವು. 1857ರ ದಂಗೆಯ ತರುವಾಯ ಇಂಗ್ಲಿಷರು ಈ ನೀತಿಯನ್ನು ಕೈಬಿಟ್ಟರು. 1862ರಲ್ಲಿ ಕ್ಯಾನಿಂಗನು ಅನೇಕ ದೊರೆಗಳಿಗೆ ದತ್ತುಸ್ವೀಕಾರದ ಸನದುಗಳನ್ನಿತ್ತನು. ಮೈಸೂರಿನ ಮುಮ್ಮಡಿ ಕೃಷ್ಣರಾಜರು 1865ರಲ್ಲಿ ದತ್ತು ತೆಗೆದುಕೊಂಡ ಬಾಲಕನೇ ಚಾಮರಾಜೇಂದ್ರ ಒಡೆಯರು. 1881ರಲ್ಲಿ ರಾಜ್ಯವು ಮರಳಿ ಬಂದುದು ಇವರ ಕೈಗೆ. ದತ್ತಕವಿಲ್ಲದಿದ್ದರೆ ಮೈಸೂರಿನ ಇತಿಹಾಸವೇ ಬೇರೆಯಾಗುತ್ತಿದ್ದಿತು.

ಸಂಡೂರಿನಲ್ಲಿ 1928ರಲ್ಲಿ ಪಟ್ಟಕ್ಕೆ ಬಂದ ಯಶವಂತರಾವ್ ಘೋರ್ಪಡೆಯವರೂ ದತ್ತುಮಾರ್ಗದಿಂದಲೇ ಬಂದವರು. ಇಪ್ಪತ್ತರ ಹರೆಯದ ಆ ದೊರೆಗಳು 1932ರಲ್ಲಿ ಕುಮಾರಸ್ವಾಮಿಯ ದೇವಸ್ಥಾನದ ಬಾಗಿಲನ್ನು, ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟಿದ್ದ ಹರಿಜನರಿಗೂ ತೆರೆಯಿಸಿದರು. ತಿರುವಾಂಕೂರಿನ ಪ್ರಸಿದ್ಧವಾದ ಘೋಷಣೆಯು ಹೊರಟುದು 1936ರಲ್ಲಿ ಎಂಬುದನ್ನು ನೆನೆದರೆ ಈ ಕಾರ್ಯದ ಹಿರಿಮೆಯು ಗೊತ್ತಾಗುವುದು. 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ದಯಮಾಡಿಸಿದ್ದರು. ಹೀಗೆ ಮಾಡೆಂದು ಯಾವ ಬಿರುದೂ ಆ ದೊರೆಗಳಿಗೆ ಹೇಳಿರಲಿಲ್ಲ.

1949ರಲ್ಲಿ ಸಂಡೂರು ಸಂಸ್ಥಾನವು ಮದರಾಸು ಪ್ರಾಂತಕ್ಕೆ ಸೇರಿ ಬಳ್ಳಾರಿ ಜಿಲ್ಲೆಯ ಭಾಗವಾಯಿತು. 1953ರಲ್ಲಿ ನಾವೆಲ್ಲರೂ ಮೈಸೂರು ರಾಜ್ಯಕ್ಕೆ ಬಂದೆವು. 1971ರ ಸಂವಿಧಾನ ತಿದ್ದುಪಡಿಯಿಂದ ರಾಜರ ಮಾನ್ಯತೆಯೂ ರಾಜಧನವೂ ನಿಂತುಹೋದುವು. ಮೈಸೂರು ಅರಮನೆಯಲ್ಲಿ 2015ರಲ್ಲಿ ಮತ್ತೊಮ್ಮೆ ದತ್ತುಸ್ವೀಕಾರವು ನಡೆಯಿತಾದರೂ, ಅದು ಮನೆತನದ ಸಂಪ್ರದಾಯವೇ ಹೊರತು ರಾಜ್ಯಾಧಿಕಾರದ ವಿಷಯವಲ್ಲ.

ವಾಚಕ ಮಹಾಶಯರೇ, ತಾಯಂದಿರೇ, ಮಗನಿಲ್ಲವೆಂದು ಕೊರಗುವ ಮನೆಗಳು ಇಂದಿಗೂ ಇರುವುವು. ಸಾಕಿದ ಮಗುವನ್ನು ‘ಹೊರಗಿನದು’ ಎಂದು ಬೆರಳು ತೋರಿಸುವ ಬಂಧುಗಳೂ ಇರುವರು. ಅಂಥವರು ಸಂಡೂರಿನ ಕಡೆಗೆ ಒಮ್ಮೆ ನೋಡಲಿ. ಅಲ್ಲಿ ಬಿರುದುಗಳು ಅಳಿದುವು, ಪಟ್ಟವೂ ಅಳಿಯಿತು. ದತ್ತಕನಾಗಿ ಬಂದವರು ತೆರೆಯಿಸಿದ ಬಾಗಿಲು ಮಾತ್ರ ಮತ್ತೆ ಮುಚ್ಚಲಿಲ್ಲ.