ಕೋವಿ ಹೆಗಲಿಗೇರಿಸುವ ಮುಂಚೆ ಅದರ ಲಾಕು ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸು ಮಾಡಿಸಿದ ಕೋವಿಗಳು ಇವೆ. ಅವುಗಳಲ್ಲಿ ಅಪ್ಪನ ಕಾಲದವು, ಅಜ್ಜನ ಕಾಲದವೂ ಸೇರಿವೆ. ಜೋಳ ಹಾಲುಗಟ್ಟುವ ಹೊತ್ತಿಗೆ ಹಂದಿ ಬರುತ್ತವೆ, ಕೋವಿ ಅಟ್ಟದಿಂದ ಕೆಳಗಿಳಿಯುತ್ತದೆ. ಪಂಪ್‌ಸೆಟ್ಟಿನ ನಟ್ಟು ಬೋಲ್ಟು ತಪ್ಪದೆ ನೋಡುವವರೂ ಕೋವಿಯನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ ಹಾಗೇ ಹೆಗಲಿಗೆ ಇಡುತ್ತಾರೆ. ಪಂಪು ಕೆಟ್ಟರೆ ನೀರು ನಿಲ್ಲುತ್ತದೆ ಅಷ್ಟೆ. ಕೋವಿ ಕೆಟ್ಟರೆ ಹೋಗೋದು ನಮ್ಮ ಕಣ್ಣು.

ಅಪಾಯ ಎಲ್ಲಿದೆ?

ಈಡು ಹೊಡೆದಾಗ ಮದ್ದಿನ ಒತ್ತಡ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಹಿಂದಕ್ಕೂ ಅಷ್ಟೇ ಒದೆಯುತ್ತದೆ. ತೋಟೆಯ ಹಿತ್ತಾಳೆ ಬುಡವನ್ನು ಹಿಂದಿನಿಂದ ಒತ್ತಿ ಹಿಡಿಯುವುದು ಕೋವಿಯ ಲಾಕು, ರೈಫಲ್ಲಿನಲ್ಲಾದರೆ ಬೋಲ್ಟು. ಸವೆದು ಸಂದು ಬಿಟ್ಟರೆ ತೋಟೆ ಹಿಂದೆ ಸರಿಯುತ್ತದೆ, ಬುಡ ಸೀಳುತ್ತದೆ, ಬೆಂಕಿಯಂಥ ಹೊಗೆ ನೇರ ಮುಖಕ್ಕೆ ಬರುತ್ತದೆ. ನಮ್ಮ ಕಡೆಯ ಹಿರಿಯರೊಬ್ಬರ ಕೋವಿಯಲ್ಲಿ ಪ್ರತಿ ಸಲ ತೋಟೆಯ ಕೇಪು ಹಿಂದಕ್ಕೆ ಉಬ್ಬಿ ಬರುತ್ತಿತ್ತು. "ಹಳೇ ಕೋವಿ, ಹಾಗೇ ಅದು" ಎನ್ನುತ್ತಿದ್ದರು. ಅದು ಹಳೇತನವಲ್ಲ, ಲಾಕು ಸಡಿಲಾಗಿರಬಹುದು ಅಂತ ಕೋವಿ ಕೊಡುವ ಎಚ್ಚರಿಕೆ.

ಮನೆಯಲ್ಲೇ ನೋಡುವ ಬಗೆ

ಮೊದಲು ಕೋವಿ ಮುರಿದು ನಳಿಗೆ ಖಾಲಿ ಇದೆಯೇ ನೋಡಿ, ಬೆರಳು ಹಾಕಿಯೂ ನೋಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿಡಿ. ನಳಿಗೆಯ ಕೆಳಗಿನ ಮುಂದಿನ ಮರ ಬಿಚ್ಚಿ, ಕೋವಿ ಮುಚ್ಚಿ, ಹಿಡಿಕೆ ಹಿಡಿದು ಅಲುಗಿಸಿ. ಕಟಕಟ ಸದ್ದು ಬಂದರೆ ಕೀಲು ಸವೆದಿದೆ. ಮುಚ್ಚಿದ ಕೋವಿಯನ್ನು ಬೆಳಕಿಗೆ ಹಿಡಿಯಿರಿ. ನಳಿಗೆಗೂ ಹಿಂದಿನ ಕಬ್ಬಿಣಕ್ಕೂ ನಡುವೆ ಬೆಳಕು ಕಂಡರೆ ಆ ಕೋವಿಯಲ್ಲಿ ಈಡು ಹೊಡೆಯಬೇಡಿ.

ಆಮೇಲೆ ನಳಿಗೆಯೊಳಗೆ ಕಣ್ಣು ಹಾಯಿಸಿ. ಮಳೆಗಾಲದಲ್ಲಿ ಮೂಲೆಗಿಟ್ಟ ಕೋವಿಯೊಳಗೆ ಕುಂಬಾರ ಹುಳು ಮಣ್ಣು ಮೆತ್ತಿರುತ್ತದೆ. ಅದರ ಮೇಲೆ ಈಡಾದರೆ ನಳಿಗೆಯೇ ಒಡೆದೀತು. ಹಳೇ ಹನ್ನೆರಡು ಬೋರಿನ ಕೆಲವು ಕೋವಿಗಳ ಮನೆ 65 ಮಿ.ಮೀ. ತೋಟೆಗೆ ಮಾಡಿದ್ದು. 70 ಮಿ.ಮೀ. ತೋಟೆಯೂ ಅದರೊಳಗೆ ಕೂರುತ್ತದೆ, ಆದರೆ ಸಿಡಿದಾಗ ಅದರ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಅಂತ ಹೊಡೆಯಬಾರದು.

ಕೇಪಿನ ಕೋವಿ ಇರುವವರು ಖಾಲಿ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೀರು ಹಾಕಿಡಿ. ಮುಂದೆ ಯಾವಾಗ ಇಳಿಸಿದರೂ ಗೀರು ಮೇಲೇ ನಿಂತರೆ ಒಳಗೆ ಮದ್ದು ಇದೆ ಎಂದರ್ಥ. ಒಂದರ ಮೇಲೊಂದು ಮದ್ದು ಜಡಿಯುವ ಅಪಾಯ ಇದರಿಂದ ತಪ್ಪುತ್ತದೆ.

ಬೋಲ್ಟಿನ ನಂಬರು

ಕೆಲವರ ಹತ್ತಿರ .315 ರೈಫಲ್ ಇರಬಹುದು. ಇದು ಸರ್ಕಾರಿ ಕಾರ್ಖಾನೆಯಲ್ಲಿ ಹಳೇ ಮಿಲಿಟರಿ ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಮಾಡಿದ್ದು. ಈ ಜಾತಿಯ ರೈಫಲ್ಲಿನಲ್ಲಿ ಬೋಲ್ಟನ್ನು ಆಯಾ ರೈಫಲ್ಲಿಗೇ ಹೊಂದಿಸಿ ಕೂರಿಸುತ್ತಾರೆ. ಒಂದರ ಬೋಲ್ಟು ಇನ್ನೊಂದಕ್ಕೆ ತೂರಬಹುದು, ಆದರೆ ಸರಿಯಾಗಿ ಹೊಂದುತ್ತದೆ ಎನ್ನುವ ಹಾಗಿಲ್ಲ. ಚುನಾವಣೆ ಬಂದಾಗ ಕೋವಿ ಠಾಣೆಗೆ ಠೇವಣಿ ಇಡಬೇಕಾಗುವುದುಂಟು. ಕೊಡುವಾಗ ರೈಫಲ್ಲಿನ ನಂಬರು, ಬೋಲ್ಟಿನ ನಂಬರು ಎರಡನ್ನೂ ರಶೀದಿಯಲ್ಲಿ ಬರೆಸಿ. ವಾಪಸು ತರುವಾಗ ಅಲ್ಲೇ ತಾಳೆ ನೋಡಿ.

ರಿಪೇರಿ ಕಮ್ಮಾರನಲ್ಲಿ ಬೇಡ

ಸಡಿಲಾದ ಲಾಕಿಗೆ ವೆಲ್ಡಿಂಗ್ ಹಾಕಿಸುವುದು ಅಗ್ಗ ಅನ್ನಿಸಬಹುದು. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಅಲ್ಲದೆ 1959ರ ಆಯುಧ ಕಾಯಿದೆ ಪ್ರಕಾರ ಕೋವಿ ರಿಪೇರಿ ಮಾಡುವವರಿಗೂ ಲೈಸೆನ್ಸು ಬೇಕು. ಅಂಥವರಲ್ಲೇ ತೋರಿಸಿ. ಸರಿಮಾಡಲು ಆಗದು ಎಂದರೆ ಆ ಕೋವಿಯ ಆಸೆ ಬಿಡಿ.

ಹೊಲದಲ್ಲಿ

ತೋಟೆ ಹಾಕುವುದು ಮಾಳ ಹತ್ತಿ ಕೂತ ಮೇಲೆ, ತೆಗೆಯುವುದು ಇಳಿಯುವ ಮುಂಚೆ. ಬೇಲಿ ದಾಟುವಾಗ ಕೋವಿ ಖಾಲಿಯೇ ಇರಬೇಕು. ಸದ್ದಿಗೆ, ಅಲುಗುವ ಪೊದೆಗೆ ಹೊಡೆಯಬೇಡಿ. ಹಂದಿ ಅಂದುಕೊಂಡು ಹೊಡೆದ ಈಡು ಮನುಷ್ಯನಿಗೆ ತಗಲಿದ ಸುದ್ದಿ ಮಲೆನಾಡಿಗೆ ಹೊಸತಲ್ಲ. ರೈಫಲ್ಲಿನ ಗುಂಡು ಕಿಲೋಮೀಟರ್ ದಾಟಿ ಹೋಗುತ್ತದೆ, ಅದರ ಹಾದಿಯ ಹಿಂದೆ ಮಣ್ಣಿನ ದಿಬ್ಬವೇ ಇರಬೇಕು. ಈಡು ಹಾರದಿದ್ದರೆ ಅರ್ಧ ನಿಮಿಷವಾದರೂ ನಳಿಗೆಯನ್ನು ಜನವಿಲ್ಲದ ಕಡೆಗೇ ಹಿಡಿದಿರಿ. 'ಠುಸ್' ಎಂದಿತೆ? ಇನ್ನೊಂದು ತೋಟೆ ಹಾಕುವ ಮುಂಚೆ ನಳಿಗೆಯಲ್ಲಿ ಏನಾದರೂ ಸಿಕ್ಕಿದೆಯೇ ನೋಡಲೇಬೇಕು.

ಇನ್ನೊಂದು ಮಾತು. ಕೋವಿಯ ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ. ಬೆಳೆ ಹಾಳುಮಾಡುವ ಪ್ರಾಣಿಗೆ 1972ರ ವನ್ಯಜೀವಿ ಕಾಯಿದೆಯ 11ನೇ ಕಲಮಿನಲ್ಲಿ ಲಿಖಿತ ಅಪ್ಪಣೆ ಬೇಕು. ಅಪ್ಪಣೆಯಿಂದ ಹೊಡೆದದ್ದೂ ಸರ್ಕಾರದ ಸೊತ್ತೇ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ನವೀಕರಣಕ್ಕೆ ಓಡಾಡುವ ಕೆಲಸ ಕಡಿಮೆಯಾಯಿತು ನಿಜ, ಆದರೆ ಲಾಕು ನೋಡಲು ಐದು ವರ್ಷ ಕಾಯಬೇಡಿ. ಪ್ರತಿ ಮಳೆಗಾಲ ಮುಗಿದ ಕೂಡಲೇ ಒಮ್ಮೆ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಕೋವಿಗೊಂದು, ತೋಟೆಗೊಂದು ಬೇರೆ ಬೇರೆ ಬೀಗ ಇರಲಿ. ಜೋಳ ಹೋದರೆ ಬರುವ ವರ್ಷ ಬೆಳೆದೇವು.