ಅಧ್ಯಾಪಕನ ಊರು

ಹಳೆಯ ಶಿಷ್ಯೆಯೊಬ್ಬಳು ಕಳೆದ ವಾರ ಪತ್ರ ಬರೆದಿದ್ದಾಳೆ. ಸರ್ಕಾರಿ ಕಾಲೇಜಿಗೆ ಕನ್ನಡ ಅಧ್ಯಾಪಕಿಯಾಗಿ ಆಯ್ಕೆಯಾಗಿರುವ ಆಕೆಯ ಮುಂದೆ ಮೂರು ಊರುಗಳಿವೆ: ಮೈಸೂರು, ಧಾರವಾಡ, ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. ‘ಯಾವುದನ್ನು ಆರಿಸಲಿ, ಮೇಷ್ಟ್ರೇ?’ ಎಂಬುದು ಅವಳ ಪ್ರಶ್ನೆ. ಸುಲಭವಾಗಿ ಉತ್ತರಿಸುವಂತಿಲ್ಲ. ಅಧ್ಯಾಪಕನ ಓದು ಬೆಳೆಯುವುದೂ ಬಾಡುವುದೂ ಬಹುಮಟ್ಟಿಗೆ ಅವನಿರುವ ಊರಿನ ಹವೆಯಲ್ಲಿಯೇ.

ಮೈಸೂರಿನ ಆಕರ್ಷಣೆಯನ್ನು ಬಣ್ಣಿಸಬೇಕಾದುದಿಲ್ಲ. 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ, ಮಹಾರಾಜಾ ಕಾಲೇಜಿನ ಪರಂಪರೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಸಂಜೆಯ ನಡಿಗೆ. 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯಲ್ಲಿ ಅಲ್ಲವೇ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಗುರುತಿಸಿದ್ದು! 1909ರಲ್ಲಿ ಅದು ಅಚ್ಚಾಗಿ ಹೊರಬಂದಾಗ ಲೋಕದ ವಿದ್ವಾಂಸರು ಈ ಊರಿನತ್ತ ತಿರುಗಿ ನೋಡಿದರು.

ಧಾರವಾಡದ ಸೊಗಸೇ ಬೇರೆ. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, 1917ರ ಕರ್ನಾಟಕ ಕಾಲೇಜು, ಬೇಂದ್ರೆಯವರ ಸಾಧನಕೇರಿ. ಜಿ. ಬಿ. ಜೋಶಿಯವರು 1933ರಲ್ಲಿ ತೊಡಗಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ವು ಎಷ್ಟೊಂದು ಲೇಖಕರ ಹರಟೆಗೆ ನೆಲೆಯಾಯಿತು! ಜೊತೆಯವರ ಮಾತಿನಿಂದ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಊರು ವಿರಳ.

ಇನ್ನು ಮೂರನೆಯ ಊರು. ಅದನ್ನು ನಾನು ಬಲ್ಲೆ. ಅಂಥದೇ ಒಂದು ಊರಿಗೆ ನಾನೂ ಮನಸ್ಸಿಲ್ಲದೆ ಹೋದವನು. ಒಳ್ಳೆಯ ಗ್ರಂಥಾಲಯವಿಲ್ಲ, ಮಾತಿಗೆ ಜನವಿಲ್ಲ ಎಂದು ಮೂರು ವರ್ಷ ಊರನ್ನು ದೂರಿದೆ. ದೂರುತ್ತ ಓದುವುದನ್ನೇ ಬಿಟ್ಟೆ. ಒಂದು ದಿನ ಪಂಪಭಾರತದಿಂದ ಆಯ್ದ ಕರ್ಣನ ಪ್ರಸಂಗವನ್ನು ಪಾಠ ಮಾಡಿದಾಗ, ಹಳ್ಳಿಯಿಂದ ಸೈಕಲ್ ತುಳಿದು ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, ‘ಮುಂದೇನಾಯಿತು ಸರ್? ಪೂರ್ತಿ ಪುಸ್ತಕ ಎಲ್ಲಿ ಸಿಗುತ್ತದೆ?’ ಎಂದ. ಮುಂದಿನ ಪದ್ಯಗಳು ನನಗೆ ಮರೆತುಹೋಗಿದ್ದವು. ಪುಸ್ತಕ ನನ್ನ ಮನೆಯಲ್ಲಿಯೂ ಇರಲಿಲ್ಲ. ಆ ಭಾನುವಾರ ಮೊದಲ ಬಸ್ಸಿಗೆ ಹೊರಟು, ಎರಡು ಪ್ರತಿ ಕೊಂಡು ತಂದೆ. ಒಂದು ಅವನಿಗೆ, ಒಂದು ನನಗೆ.

ಆಮೇಲೆ ನೆನಪಾಯಿತು: ಬೇಂದ್ರೆಯವರು 1944ರಿಂದ 1956ರವರೆಗೆ, ಹನ್ನೆರಡು ವರ್ಷ, ಧಾರವಾಡವನ್ನು ಬಿಟ್ಟು ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅದರಿಂದ ಅವರ ಕಾವ್ಯದ ಒರತೆ ಬತ್ತಲಿಲ್ಲ. ಕುವೆಂಪು ಮೈಸೂರಿನ ಮನೆಯಲ್ಲಿದ್ದರೂ 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ತುಂಬ ಇರುವುದು ಮಲೆನಾಡಿನ ಮಳೆ, ಕಾಡು. ಊರು ಕೊಡುವುದು ಕೆಲವು, ನಾವು ಹೊತ್ತು ತರುವುದು ಕೆಲವು. ಊರು ಕೊಡದಿದ್ದುದಕ್ಕೆ ನಾನು ಮುನಿದೆ. ಹೊತ್ತು ತಂದದ್ದನ್ನು ಬಿಚ್ಚಿ ನೋಡಲೇ ಇಲ್ಲ.

ಶಿಷ್ಯೆಗೆ ಹೀಗೆ ಬರೆದಿದ್ದೇನೆ: ‘ಹಸ್ತಪ್ರತಿಗಳ ಸಂಶೋಧನೆಯೇ ನಿನ್ನ ಹಂಬಲವಾದರೆ ಸಂಕೋಚವಿಲ್ಲದೆ ಮೈಸೂರಿಗೆ ಹೋಗು, ಗೆಳೆಯರ ಸಂಗ ಬೇಕೆನಿಸಿದರೆ ಧಾರವಾಡಕ್ಕೆ. ಪಾಠ ಹೇಳುವುದೇ ಮೊದಲ ಪ್ರೀತಿಯಾದರೆ ಮೂರನೆಯ ಊರನ್ನು ತಳ್ಳಿಹಾಕಬೇಡ. ಕಾಲೇಜಿಗೆ ನಡೆದುಹೋಗುವಷ್ಟು ಹತ್ತಿರ ಮನೆ ಮಾಡು. ಬಾಡಿಗೆಯಂತೆ ಪುಸ್ತಕಕ್ಕೂ ಪ್ರತಿ ತಿಂಗಳು ಹಣ ತೆಗೆದಿಡು. “ಮುಂದೇನಾಯಿತು” ಎಂದು ಕೇಳುವವರು ಅಲ್ಲಿಯೂ ಇದ್ದಾರೆ. ಅವರು ಕೇಳುವ ಹೊತ್ತಿಗೆ ಪುಸ್ತಕ ನಿನ್ನ ಮನೆಯಲ್ಲಿರಲಿ.’

ಆಕೆ ಇನ್ನೂ ಉತ್ತರ ಬರೆದಿಲ್ಲ.