ಜೀಪಿನ ಚಾಸಿಯಲ್ಲಿ ಬಿರುಕು: ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳಿ

ಕಳೆದ ಬೇಸಿಗೆಯಲ್ಲಿ ನೆಂಟರ ಮದುವೆಗೆಂದು ರಾಯಚೂರಿಗೆ ಹೋಗಿದ್ದಾಗ, ಕೃಷ್ಣಾ ತೀರದ ದೇವಸುಗೂರಿಗೂ ಹೋಗಿ ಸೂಗೂರೇಶ್ವರನ ದರ್ಶನ ಮಾಡಿಕೊಂಡು ಬಂದೆವು. 1985ರಲ್ಲಿ ಮೊದಲ ಘಟಕ ಶುರುವಾದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಅಲ್ಲೇ ಪಕ್ಕದಲ್ಲಿದೆ. ರಸ್ತೆ ಬದಿಯ ವೆಲ್ಡಿಂಗ್ ಷೆಡ್ಡೊಂದರಲ್ಲಿ ಬಾಡಿ ಇಳಿಸಿದ ಹಳೆಯ ಜೀಪಿನ ಚಾಸಿ ಕಲ್ಲುಗಳ ಮೇಲೆ ಕುಳಿತಿತ್ತು. ಜೀಪು ಕಂಡರೆ ತೋಟದವನ ಕಾಲು ಸುಮ್ಮನಿರುವುದಿಲ್ಲವಷ್ಟೆ. ಇಳಿದು ಹೋಗಿ ನೋಡಿದೆ. ತುಕ್ಕು ಹೆಸರಿಗೂ ಇಲ್ಲ. ಆದರೆ ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ, ಬೋಲ್ಟಿನ ತೂತಿನಿಂದ ಕೆಳಕ್ಕೆ ಎರಡು ಅಂಗುಲದ ಬಿರುಕು.

"ಇದಕ ತುಕ್ಕ ಹತ್ತಿಲ್ರೀ, ಕಬ್ಬಿಣಾನ ದಣದದ" ಎಂದ ಮಿಸ್ತ್ರಿ.

ಆ ಮಾತು ಊರಿಗೆ ಬರುವವರೆಗೂ ತಲೆಯಲ್ಲಿ ಉಳಿಯಿತು. ನಮ್ಮ ಜೀಪು ಒಂದು ಕಡೆ ಎಳೆಯುತ್ತದೆಂದು ಡ್ರೈವರು ಆರು ತಿಂಗಳಿಂದ ಹೇಳುತ್ತಿದ್ದ. ಪ್ರತಿ ಸಲವೂ ಬೋಲ್ಟು ಬಿಗಿ ಮಾಡಿಸಿ ಸುಮ್ಮನಾಗಿದ್ದೆ. ಬಂದವನೇ ಕೆಸರು ತೊಳೆಸಿ ನೋಡಿದರೆ ಅದೇ ಜಾಗ, ಅದೇ ಬಿರುಕು, ಮೇಲಿಂದ ತುಕ್ಕು ಬೇರೆ. ಹಿಂದೆ ಎಂಟು ಜನ ಆಳುಗಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ದಿನವೂ ಓಡಿದ್ದ ಗಾಡಿ ಅದು.

ಜೀಪು ಮೂಲತಃ ಅಮೆರಿಕದ ಸೈನ್ಯಕ್ಕೆಂದು 1941ರಿಂದ ತಯಾರಾದ ವಿಲ್ಲೀಸ್ ಗಾಡಿ. ಮಹೀಂದ್ರದವರು ಅದನ್ನು ನಮ್ಮ ದೇಶದಲ್ಲಿ ಜೋಡಿಸಿ ತೋಟಗಳಿಗೆ ತಲುಪಿಸಿದರು. ಸೈನ್ಯ ಅದನ್ನು ಕಾಲು ಟನ್ನಿನ ವರ್ಗಕ್ಕೆ ಸೇರಿಸಿತ್ತು. ಐವತ್ತು ಕಿಲೋದ ಹಸಿ ಕಾಫಿ ಹಣ್ಣಿನ ಮೂಟೆಯಾದರೆ ಐದು. ನಾವು ಎಷ್ಟು ಹೇರುತ್ತೇವೆಂಬುದನ್ನು ಬರೆಯಬೇಕಾಗಿಲ್ಲ.

ಚಾಸಿ ಎಂದರೆ ಮಲಗಿಸಿದ ಏಣಿ. ಒಂದು ಚಕ್ರ ಗುಂಡಿಗೆ ಇಳಿದಾಗ ಏಣಿ ಸ್ವಲ್ಪ ತಿರುಚಿ ಮತ್ತೆ ಸರಿಯಾಗುತ್ತದೆ, ಅದು ದೋಷವಲ್ಲ. ಲಕ್ಷಾಂತರ ಸಲ ಹಾಗಾದ ಮೇಲೆ ತೂತಿನ ಅಂಚು, ಬೆಸುಗೆಯ ಕೊನೆ, ಚೂಪು ಮೂಲೆಗಳಲ್ಲಿ ಬಿರುಕು ಹುಟ್ಟುತ್ತದೆ. ಮೇಲ್ಛಾವಣಿಯಿಲ್ಲದ ಬಾಡಿ ಈ ತಿರುಚನ್ನು ಹಂಚಿಕೊಳ್ಳುವುದು ಕಡಿಮೆ. ಅಮೆರಿಕದ ದೊಡ್ಡ ತೆರೆದ ಕಾರುಗಳಿಗೆ ಅನೇಕ ಕಂಪನಿಗಳವರು ಚಾಸಿಯ ನಡುವೆ ಕತ್ತರಿಯಾಕಾರದ ಹೆಚ್ಚುವರಿ ಪಟ್ಟಿ ಕೊಡುತ್ತಿದ್ದುದು ಇದಕ್ಕೇ.

ಒಣನಾಡಿನ ರಾಯಚೂರಿನಲ್ಲಿ ದಣಿವೊಂದೇ ಶತ್ರು. ನಮ್ಮಲ್ಲಿ ಮಳೆಯ ಜೊತೆಗೆ ಮೈಲುತುತ್ತವೂ ಇದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಡ್ರಮ್ಮು ತುಳುಕಿ ಅದು ಜೀಪಿನ ತಳಕ್ಕೆ ಸೇರುತ್ತದೆ. ಮೈಲುತುತ್ತದ ನೀರಿನಲ್ಲಿ ಮೊಳೆ ಅದ್ದಿದರೆ ಕೆಂಪಗೆ ತಾಮ್ರ ಕೂರುವುದನ್ನು ಶಾಲೆಯಲ್ಲಿ ನೋಡಿದ್ದೇವೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗುತ್ತದೆ. ಪೊಟ್ಯಾಷ್ ಗೊಬ್ಬರದ ಉಪ್ಪೂ ಸಾಮಾನ್ಯದ್ದಲ್ಲ. ಹೀಗೆ ಬಿದ್ದ ಸಣ್ಣ ಗುಳಿಯೇ ಬಿರುಕಿಗೆ ಬಾಗಿಲು. ಔಷಧಿ ಸಾಗಿಸಿದ ದಿನ ಸಂಜೆಯೇ ತಳ ತೊಳೆಸುವುದು ಅಗ್ಗದ ಕೆಲಸ.

ಸ್ಟೀರಿಂಗ್ ಬಾಕ್ಸಿನ ಸುತ್ತ, ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವ ಬ್ರಾಕೆಟ್ಟುಗಳು, ಅಡ್ಡಪಟ್ಟಿಗಳ ತುದಿ, ಬಾಡಿಯಲ್ಲಿ ತಳದ ಮೂಲೆ ಇವನ್ನು ಮೊದಲು ನೋಡಬೇಕು. ಬಣ್ಣದ ಮೇಲೆ ಕೂದಲೆಳೆಯಂಥ ಕಂದು ಗೆರೆ ಕಂಡರೆ ಸಂಶಯಪಡಿ. ಜಾಗವನ್ನು ಲೋಹ ಕಾಣುವಂತೆ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿರಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಪುಡಿಯಲ್ಲಿ ಗೆರೆಯಾಗಿ ಏಳುತ್ತದೆ.

ರಿಪೇರಿಯಲ್ಲಿ ನಮ್ಮವರು ಎಡವುವುದು ಅವಸರದಿಂದ. ಬಿರುಕಿನ ಮೇಲೆ ಒಂದು ಗೆರೆ ವೆಲ್ಡಿಂಗ್ ಎಳೆಸಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬಿರುಕಿನ ತುದಿ ಹುಡುಕಿ ಅಲ್ಲಿ ಸಣ್ಣ ತೂತು ಕೊರೆಯಬೇಕು. ಚೂಪು ತುದಿ ಗುಂಡಗಾದರೆ ಸೀಳು ಮುಂದೆ ಓಡುವುದು ತಪ್ಪುತ್ತದೆ. ಆಮೇಲೆ ಬಿರುಕನ್ನು ಅಗಲಿಸಿ ತಳದವರೆಗೆ ಬೆಸುಗೆ ತುಂಬಿ, ಮೇಲೊಂದು ತಗಡು ಕೂರಿಸಬೇಕು. ತಗಡಿನ ತುದಿ ನೆಟ್ಟಗೆ ಕತ್ತರಿಸಿದ್ದಿರಬಾರದು, ಓರೆಯಾಗಿರಬೇಕು. ಚಾಸಿಗೆ ಅಡ್ಡಲಾಗಿ ನೇರ ಬೆಸುಗೆ ಬೇಡ. ಬಿಗಿಯಾದ ಭಾಗ ಥಟ್ಟನೆ ಮುಗಿದಲ್ಲೇ ಮುಂದಿನ ಬಿರುಕು. ಹಳೆಯ ಜೀಪುಗಳಲ್ಲಿ ಪೆಟ್ರೋಲ್ ಟ್ಯಾಂಕು ಡ್ರೈವರ ಸೀಟಿನಡಿಯಲ್ಲೇ ಇರುತ್ತದೆ. ಅದನ್ನು ಇಳಿಸಿ ದೂರವಿಟ್ಟು, ಬ್ಯಾಟರಿ ತಂತಿ ಬಿಚ್ಚಿದ ನಂತರವೇ ಕಿಡಿ ಹಾರಿಸಲು ಬಿಡಿ.

ನನ್ನ ಗಾಡಿಗೆ ಹೀಗೇ ಮಾಡಿಸಿ ಎರಡು ದಿನ ಕೆಲಸ ನಿಂತಿತು. ಮೂರನೆಯ ದಿನ ಡ್ರೈವರು ಇಳಿಜಾರು ಇಳಿದು ಬಂದು, "ಈಗ ಎಳೆಯೋದಿಲ್ಲ ಅಯ್ಯ" ಎಂದಷ್ಟೇ ಹೇಳಿದ.